ಕೊಡ, ಕನ್ನಡಿ, ಇನ್ನೊಂದು

ಆ ಹಾಳೆಗೆ ಒಂದು ಹೆಸರಿತ್ತು... ಇಂಗ್ಲಿಷಿನದು. ರೀ... ರೀಕಾ... ನಾಲಿಗೆಯ ತುದಿಯಲ್ಲೇ ಇದೆ, ಹೊರಗೆ ಬರುತ್ತಿಲ್ಲ. ರಿಕಾರ್ಡು ಅಲ್ಲ. ರಿಕ್ಷಾ ಅಂತೂ ಅಲ್ಲವೇ ಅಲ್ಲ. ಹಾಂ, ರೀಕಾಲ್. ರೀಕಾಲ್ ಶೀಟು. ಯಾರಿಗೆ ಎಷ್ಟು ನೆನಪಿದೆ ಎಂದು ಬರೆದಿಡುವ ಹಾಳೆ. ನನ್ನ ಸಣ್ಣವ್ವನ ಮಗಳು ಗಂಗಾ ದಿನಾ ರಾತ್ರಿ ಮನೆಗೆ ಬಂದು ಆ ಹಾಳೆಯನ್ನೇ ಬೈಯುತ್ತಿದ್ದಳು.

"ಅಜ್ಜೀ, ದೆವ್ವದ ಕತೆ ಹೇಳ್ತೀನಿ ಅಂದು ಶೀಟು ಗೀಟು ಅಂತ ಶುರು ಮಾಡಿದ್ಯಲ್ಲ!" ಎಂದಳು ನನ್ನ ಮೊಮ್ಮಗಳು ಭಾಗ್ಯ.

"ಅದೇ ಕತಿ. ಸುಮ್ನ ಕೇಳು. ಆ ಹಾಳಿಯಿಂದಲೇ ದೆವ್ವ ಬಂದದ್ದು."

ಕೆ.ಆರ್. ಪುರದ ತೂಗು ಸೇತುವೆ ಇನ್ನೂ ಅರ್ಧವೇ ಎದ್ದಿದ್ದ ವರ್ಷ ಅದು. ಸುರಪುರದ ಕಡೆಯಿಂದ ಬಂದ ಏಳೆಂಟು ಮನೆಯವರು ಟಿನ್ ಫ್ಯಾಕ್ಟರಿಯ ಹಿಂದೆ ಒಂದೇ ಸಾಲಿನ ಬಾಡಿಗೆ ಕೋಣೆಗಳಲ್ಲಿದ್ದೆವು. ಗಂಡಸರದು ಕಾಂಕ್ರೀಟು ಕೆಲಸ. ನಮ್ಮ ಪೈಕಿ ಗಂಗಾ ಒಬ್ಬಳೇ ಹತ್ತನೇ ಕ್ಲಾಸು ಓದಿದವಳು. ಅದಕ್ಕೇ ಅವಳಿಗೆ ಕುಕ್ ಟೌನಿನ ಒಂದು ಮುದುಕರ ಮನೆಯಲ್ಲಿ ಆಯಾ ಕೆಲಸ ಸಿಕ್ಕಿತ್ತು. ಹಳೇ ಬಂಗಲೆ. ಹೆಸರು ಬೇಡ, ಈಗ ಅದೂ ಇಲ್ಲ. ರಾತ್ರಿ ಎಂಟೂವರೆಗೆ ಬಿಟ್ಟರೆ ಈಸ್ಟ್ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ಹತ್ತಿ, ಕೆ.ಆರ್. ಪುರದಲ್ಲಿ ಇಳಿದು, ಒಳದಾರಿ ಹಿಡಿದು ನಡೆದು ಬರುತ್ತಿದ್ದಳು.

ಆ ಒಳದಾರಿಯಲ್ಲೊಂದು ಬಾವಿ. ಮುಚ್ಚಿದ ಬಾವಿ. ಮೇಲೆ ಸಿಮೆಂಟಿನ ಹಾಸು, ಪಕ್ಕದಲ್ಲಿ ಕೊಂಬೆ ಕಡಿದು ಕಡಿದು ಮೊಂಡಾದ ಆಲದ ಮರ. ಅಲ್ಲಿ ಯಾರೂ ಬಿದ್ದು ಸತ್ತದ್ದಿಲ್ಲ. ಅಲ್ಲಿ ಏನೋ ಇದೆ ಎಂದು ಯಾರೂ ಅಂದದ್ದೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾವೆಲ್ಲ ಹಗಲು ರಾತ್ರಿ ಓಡಾಡಿದ ದಾರಿ ಅದು.

ಒಂದು ಶುಕ್ರವಾರ. ಒಂಬತ್ತೂಕಾಲು ಆಗಿತ್ತು. ಗಂಗಾ ಬಾವಿಯ ಹತ್ತಿರ ಬಂದಳು.

ಟಿಣ್...

ನಿಂತಳು. ರೈಲಿನ ಸದ್ದಲ್ಲ. ಸೇತುವೆ ಕೆಲಸದ ಸದ್ದೂ ಅಲ್ಲ. ಬೆರಳಿನ ಉಂಗುರದಿಂದ ಕಬ್ಬಿಣದ ಸರಳಿಗೆ ಮೆಲ್ಲಗೆ ತಟ್ಟಿದರೆ ಬರುತ್ತದಲ್ಲ, ಅಂಥದ್ದು.

ಟಿಣ್...

ಮೂರನೆಯದು ಬರಬೇಕು ಎಂದು ಅವಳಿಗೆ ಗೊತ್ತಿತ್ತು. ಕಾದಳು. ಬರಲಿಲ್ಲ. ಅದರ ಬದಲು ಸಿಮೆಂಟಿನ ಹಾಸಿನ ಕೆಳಗಿನಿಂದ ಒಂದು ಪಿಸುಮಾತು ಬಂತು.

"ಕೊಡ... ಕನ್ನಡಿ..."

ಅವಳು ಹೇಗೆ ಓಡಿ ಬಂದಳೋ ಅವಳಿಗೇ ಗೊತ್ತಿಲ್ಲ. ನನ್ನ ಬಾಗಿಲು ಬಡಿದಳು. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಅಕ್ಕಾ, ಅಕಿ ಬಂದಾಳ."

"ಯಾವಾಕಿಬೇ?"

"ನಾ ಸೊನ್ನಿ ಹಾಕಿ ಬಂದೆನಲ್ಲ... ಅಕಿ."

ನೀರು ಕುಡಿಸಿ ಕೂರಿಸಿದೆ. ಆಮೇಲೆ ಅವಳು ಹೇಳಿದ್ದು ಇದು.

ಆ ಬಂಗಲೆಯಲ್ಲಿ ಮುದುಕರಿಗೆ ಎರಡು ಜಾಗ. ಒಂದು ಮುಂದಿನ ದೊಡ್ಡ ಕೋಣೆ, ಅದಕ್ಕೆ ವರಾಂಡಾ, ಕುರ್ಚಿಗಳು, ಗೇಟು ಕಾಣುತ್ತಿತ್ತು. ಇನ್ನೊಂದು ಅಂಗಳ ದಾಟಿದರೆ ಹಿಂದಿನ ಕೋಣೆ. ಮೊದಲು ಅಲ್ಲಿ ಕಾರು ನಿಲ್ಲಿಸುತ್ತಿದ್ದರಂತೆ. ತಗಡಿನ ಮಾಡು, ಎರಡು ಕಬ್ಬಿಣದ ಮಂಚ. ನೆನಪು ಕೆಟ್ಟು ಎದ್ದು ಹೋಗುವವರನ್ನು ಅಲ್ಲಿ ಹಾಕುತ್ತಿದ್ದರು. ಸಂಜೆ ಆರಕ್ಕೆ ಹೊರಗಿನಿಂದ ಬೋಲ್ಟು, ಬೀಗ.

ಯಾರು ಎಲ್ಲಿರಬೇಕು ಎಂದು ನಿರ್ಧಾರ ಮಾಡುವುದು ಆ ಹಾಳೆ. ಪ್ರತಿ ಶುಕ್ರವಾರ ಆಯಾ ಒಬ್ಬೊಬ್ಬರ ಮುಂದೆ ಕೂತು ಮೂರು ಮಾತು ಹೇಳಬೇಕು. ಐದು ನಿಮಿಷ ಇವತ್ತು ಯಾವ ವಾರ, ಯಾವ ತಿಂಗಳು, ಇದು ಯಾವ ಊರು ಎಂದು ಬೇರೆ ಏನೇನೋ ಕೇಳಬೇಕು. ಆಮೇಲೆ, ಆಗ ಹೇಳಿದ ಮೂರು ಮಾತು ಯಾವುವು ಎಂದು ಕೇಳಬೇಕು. ಎಷ್ಟು ಬಂತೋ ಅಷ್ಟು ಅಂಕ. ಸುಳಿವು ಕೊಡಬಾರದು.

ಮೊದಮೊದಲು ಒಂದು ವರ್ಷ ಹಾಳೆಯಲ್ಲೇ ಅಚ್ಚಾಗಿದ್ದ ಮಾತುಗಳನ್ನು ಕೇಳುತ್ತಿದ್ದರಂತೆ. ಸೇಬು, ಮೇಜು, ನಾಣ್ಯ. ವಾರ ವಾರ ಅವೇ. ಅಡುಗೆಯವಳಿಗೂ ಬಾಯಿಪಾಠ. ಮುಂದಿನ ಕೋಣೆಯ ಆದಿನಾರಾಯಣ ಮೇಷ್ಟ್ರಿಗೆ ತಮ್ಮ ಹೆಂಡತಿ ತೀರಿಹೋದದ್ದೇ ನೆನಪಿಲ್ಲ, ಆದರೆ ಗಂಗಾ ಬಾಗಿಲಲ್ಲಿ ಕಂಡರೆ ಸಾಕು, "ಸೇಬು ಮೇಜು ನಾಣ್ಯ! ಮೂರಕ್ಕೆ ಮೂರು ಹಾಕ್ಕೊಂಡು ಹೋಗಮ್ಮ ತಾಯಿ, ಪೇಪರ್ ಓದ್ಬೇಕು" ಎನ್ನುತ್ತಿದ್ದರು. ಅದು ಮುದುಕರನ್ನು ನೋಡಲು ಬರುತ್ತಿದ್ದ ಡಾಕ್ಟರಮ್ಮನ ಕಿವಿಗೆ ಬಿತ್ತು. ಇನ್ನು ಮೇಲೆ ವಾರ ವಾರ ಒಬ್ಬೊಬ್ಬರಿಗೂ ಹೊಸ ಮೂರು ಮಾತು, ಒಂದಕ್ಕೊಂದು ಸಂಬಂಧ ಇರಬಾರದು, ಆಯಾನೇ ಯೋಚಿಸಬೇಕು ಎಂದರು.

"ದಿನಾ ಹನ್ನೆರಡು ಮಂದಿ ಹೇಲು ಉಚ್ಚಿ ತೆಗಿಯಾಕಿ ನಾ. ನನಗ ಮಾತು ಯೋಚನಿ ಮಾಡು ಅಂತಾರಲ್ಲ ಅಕ್ಕಾ" ಎಂದು ಗಂಗಾ ಸಿಡಿಮಿಡಿಗೊಳ್ಳುತ್ತಿದ್ದಳು.

ಅಲ್ಲಿನ ಮ್ಯಾನೇಜರು ಭಗವಂತರಾಯರು. ನಮ್ಮ ಕಡೆಯವರೇ, ಶಹಾಪುರದವರು. ಗಂಗಾಗೆ ಕೆಲಸ ಕೊಡಿಸಿದ್ದೂ ಅವರೇ. ಅದೇ ಕಷ್ಟ, ಎದುರು ಮಾತಾಡುವ ಹಾಗಿಲ್ಲ. ಕೆಟ್ಟವರಲ್ಲ. ಆದರೆ ಅವರಿಗೆ ಇದ್ದದ್ದು ಒಂದೇ ದೇವರು, ಪೂರ್ತಿ ತುಂಬಿದ ಫಾರಂ. ಅದರಲ್ಲಿ ಒಂದು ಚೌಕದ ಮನೆ ಖಾಲಿ ಇದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಹಿಂದಿನ ಕೋಣೆಯಲ್ಲಿ ಆಗ ಇದ್ದವರು ಇಬ್ಬರು. ಒಬ್ಬರು ಶಿವಾಜಿನಗರದ ವಾಜಿದಾ ಬೀ. ಸೊಂಟ ಮುರಿದು ವರ್ಷವಾಗಿತ್ತು. ಮಂಚದಿಂದ ಕುರ್ಚಿಗೆ ಇಬ್ಬರು ಹಿಡಿದು ಎತ್ತಬೇಕು. ಅವರಿಗೆ ಕನ್ನಡ ಬಾರದು. ಆದರೆ ಅವರನ್ನು ಸೇರಿಸುವಾಗ ಯಾರೋ ಭಾಷೆಯ ಮನೆಯಲ್ಲಿ ಕನ್ನಡ ಎಂದು ಬರೆದಿದ್ದರು. ಹಾಗಾಗಿ ಕನ್ನಡದಲ್ಲೇ ಕೇಳಬೇಕು. ವಾರ ವಾರ ಕೇಳುವುದು, ಅವರು ಕಣ್ಣು ಪಿಳಿಪಿಳಿ ಬಿಡುವುದು, ಸೊನ್ನೆ. "ಸರ್, ನನಗ ಅವರ ಮಾತು ಬರ್ತದ, ಅದ್ರಾಗ ಕೇಳ್ತೀನಿ" ಎಂದರೆ, "ಫಾರಂನಾಗ ಏನದ ಹಂಗ ಮಾಡು" ಎಂದರಂತೆ ರಾಯರು.

ಇನ್ನೊಬ್ಬರು ಯಶೋದಮ್ಮ. ಹಲಸೂರಿನವರು. ರಸೆಲ್ ಮಾರ್ಕೆಟ್ಟಿನ ಮುಂದೆ ಮೂವತ್ತು ವರ್ಷ ಹೂ ಮಾರಿದವರು. ಒಂದು ದಿನ ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಸ್ನಾನ ಮಾಡಿ, ಗೇಟು ತೆಗೆದು ಹೋಗಿಬಿಟ್ಟರು. ಮಾರ್ಕೆಟ್ಟಿನ ಮೆಟ್ಟಿಲಲ್ಲಿ ಸಿಕ್ಕರು. ಅವತ್ತೇ ಹಿಂದಿನ ಕೋಣೆಗೆ ಹಾಕಿದರು.

"ಮರ್ತು ಹೋಗಿದ್ದಲ್ಲ ಕಣೇ ಗಂಗಾ" ಎನ್ನುತ್ತಿದ್ದರು. "ಅದು ಹೂವಿನ ಹೊತ್ತು. ಮೂವತ್ತು ವರ್ಷ ಹೋದ ಕಾಲು, ಅದೇ ಎದ್ದು ಹೋಯ್ತು. ಅದಕ್ಕೆ ಬೀಗ ಹಾಕ್ತಾರಾ? ಒಳಗಿನ ಗಾಳಿ ಹಳಸಿದೆ ನೋಡು. ಉಸಿರಾಡಕ್ಕಾಗಲ್ಲ."

ದಿನಾ ಬೆಳಗಿನ ಜಾವ ಆ ಬಾಗಿಲನ್ನು ಅಂಗೈಯಿಂದ ದಬ್ ದಬ್ ಎಂದು ತಟ್ಟುತ್ತಿದ್ದರಂತೆ. ಕೊನೆಗೆ ಡಾಕ್ಟರಮ್ಮ ಮನಸ್ಸು ಕರಗಿ, ಮೂರು ಶುಕ್ರವಾರ ಸಾಲಾಗಿ ಮೂರಕ್ಕೆ ಮೂರು ಬಂದರೆ ಮುಂದಿನ ಕೋಣೆಗೆ ಬಿಡೋಣ ಎಂದರು.

ಆ ಮುದುಕಿಗೆ ಅದೇ ಒಂದು ಧ್ಯಾನ. ಮಾತು ಹೇಳಿದ ಕೂಡಲೇ ಕಣ್ಣು ಮುಚ್ಚಿ, ಮಂಚದ ಸರಳಿಗೆ ಉಂಗುರದಿಂದ ತಟ್ಟುವುದು. ಮಾತಿಗೊಂದು ತಟ್ಟು. ಟಿಣ್, ಟಿಣ್, ಟಿಣ್. ಮೊದಲ ಶುಕ್ರವಾರ ಮೂರಕ್ಕೆ ಮೂರು. ಎರಡನೆಯ ಶುಕ್ರವಾರವೂ ಮೂರಕ್ಕೆ ಮೂರು. ಗಂಗಾಗೆ ಅವರಿಗಿಂತ ಹೆಚ್ಚು ಖುಷಿ. ಬರುವಾಗ ನನಗೂ ಒಂದು ಮೊಳ ಹೂ ತಂದಿದ್ದಳು.

ಮೂರನೆಯ ಶುಕ್ರವಾರ ಸಂಜೆ ಆರಕ್ಕೆ ಅವರ ಮುಂದೆ ಕೂತಾಗ ಗಂಗಾಗೆ ಮಾತೇ ಹೊಳೆಯಲಿಲ್ಲ. ಮುಂದಿನ ಕೋಣೆಯವರಿಗೇ ಎಲ್ಲ ಖರ್ಚಾಗಿತ್ತು. ಕಣ್ಣು ಮುಚ್ಚಿದಳು. ಊರಿನ ಮನೆ ಕಂಡಿತು. ಕಂಡದ್ದನ್ನು ಹೇಳಿಬಿಟ್ಟಳು.

"ಕೊಡ. ಕನ್ನಡಿ. ಹಗೇವು."

ಯಶೋದಮ್ಮ ಎರಡು ಸಲ ತಟ್ಟಿ ಕಣ್ಣು ಬಿಟ್ಟರು. "ಹಗೇವು ಅಂದ್ರೇನೇ?"

ಈ ಕಡೆ ರಾಗಿ ಬೆಳೆಯುವ ಹಳ್ಳಿಯವರಿಗೆ ಗೊತ್ತಿರಬಹುದು. ಅವರು ಹುಟ್ಟಿದ್ದೇ ಹಲಸೂರಿನ ಬಜಾರಿನಲ್ಲಿ. ಗಂಗಾಗೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಯಿತು. ಆದರೆ ಹೇಳಿದ ಮಾತು ಬದಲಾಯಿಸುವ ಹಾಗಿಲ್ಲ, ಆಗಲೇ ಬರೆದಾಗಿತ್ತು. ಅರ್ಥ ಹೇಳಿದರೆ ಸುಳಿವು ಕೊಟ್ಟ ಹಾಗೆ.

"ಹಂಗೆಲ್ಲ ಕೇಳಬಾರ್ದು ಯಶೋದಮ್ಮ. ನೆನಪಿಟ್ಕೋರಿ ಅಷ್ಟೇ."

"ಅರ್ಥ ಗೊತ್ತಿಲ್ದೇ ಇರೋದನ್ನ ಎಲ್ಲಿ ಇಟ್ಕೊಳ್ಲಿ?"

"ಐದು ನಿಮಿಷ ಇಟ್ಕೋರಿ. ಆಮ್ಯಾಲ ನಾನೇ ಹೇಳ್ತೀನಿ."

ಅಷ್ಟರಲ್ಲಿ ಮುಂದಿನಿಂದ ರಾಯರು ಕೂಗಿದರು. ಬಾಗಿಲಿಗೆ ಬೋಲ್ಟು ಹಾಕಿ ಹೋದಳು. ಏನೆಂದರೆ, ಮುಂದಿನ ಕೋಣೆಯ ಆರು ಹಾಳೆಗಳಲ್ಲಿ ತಾರೀಖನ್ನು ತಿಂಗಳ ಮನೆಯಲ್ಲಿ, ತಿಂಗಳನ್ನು ತಾರೀಖಿನ ಮನೆಯಲ್ಲಿ ಬರೆದಿದ್ದಳಂತೆ. ಆರನ್ನೂ ಹೊಸದಾಗಿ ಬರೆಯಬೇಕು. ಅದೂ ನೀಲಿ ಶಾಯಿಯಲ್ಲಿ.

"ಸರ್, ಹಿಂದ ಒಬ್ಬಾಕಿ ಕಾಯ್ಲಿಕ್ಕತ್ತಾಳ. ಐದು ನಿಮಿಷಕ್ಕ ಕೇಳ್ಬೇಕು."

"ಎಲ್ಲಿ ಹೋಗ್ತಾಳ? ಬೋಲ್ಟ್ ಹಾಕಿ ಬಂದೀದಿ ಇಲ್ಲೋ? ಮೊದ್ಲ ಇದು ಮುಗ್ಸು."

ಆರು ಹಾಳೆ. ಒಂದೊಂದರಲ್ಲಿ ನಲವತ್ತು ಮನೆ. ಬರೆದು ಮುಗಿಸುವಾಗ ಏಳೂಕಾಲು. ಓಡಿ ಹೋಗಿ ಬೋಲ್ಟು ತೆಗೆದಳು.

ಯಶೋದಮ್ಮ ಗೋಡೆಗೆ ಒರಗಿ ಕೂತಿದ್ದರು. ಊಟದ ತಟ್ಟೆ ಮುಟ್ಟಿರಲಿಲ್ಲ. ಬಲಗೈ ಸರಳಿನ ಮೇಲೆ, ಒಂದು ಬೆರಳು ಎತ್ತಿದ ಹಾಗೆಯೇ ಇತ್ತು. ಬಾಯಿ ಅರ್ಧ ತೆರೆದಿತ್ತು. ಮೈ ತಣ್ಣಗಾಗಿತ್ತು.

ಪಕ್ಕದ ಮಂಚದಿಂದ ವಾಜಿದಾ ಬೀ ಮೆಲ್ಲಗೆ ಅಂದರು. "ಬೋಲ್ತೇ ಬೋಲ್ತೇ ಸೋಗಯೀ."

ಹೇಳುತ್ತಾ ಹೇಳುತ್ತಾ ಮಲಗಿಬಿಟ್ಟಳು, ಎಂದು.

ಭಗವಂತರಾಯರು ಬಂದರು. ಕೈ ಮುಗಿದರು. ಆಮೇಲೆ ಸ್ಟೂಲಿನ ಮೇಲಿದ್ದ ಹಾಳೆ ನೋಡಿದರು.

"ಕಡೀ ಮನಿ ಖಾಲಿ ಅದಲ್ಲ?"

"ತೀರಿಹೋಗ್ಯಾರ ಸರ್."

"ಅದಕ್ಕ ಬ್ಯಾರೆ ಫಾರಂ ಅದ. ಇದ್ರಾಗ ಉತ್ತರ ಎಷ್ಟು?"

"ನಾ ಕೇಳೇ ಇಲ್ಲ. ನೀವು ಕರದ್ರಿ."

"ಕೇಳಿಲ್ಲ ಅಂತ ಬರಿಲಿಕ್ಕ ಜಾಗ ಇಲ್ಲ. ಉತ್ತರ ಬಂತೇನು? ಇಲ್ಲ. ಇಲ್ಲ ಅಂದ್ರ ಸೊನ್ನಿ. ಹಾಕು, ಡಾಕ್ಟರಮ್ಮನ ಗಾಡಿ ಬಂದದ."

ಹಾಕಿದಳು. ಅದೇ ರಾತ್ರಿ ಬಾವಿಯ ಹತ್ತಿರ ಆ ಸದ್ದು.

ನಾನು ಏನು ಹೇಳಿದೆ? ಎಲ್ಲರೂ ಹೇಳುವುದನ್ನೇ ಹೇಳಿದೆ. ಹೆಣ ಮುಟ್ಟಿ ಬಂದೀದಿ, ಅಂಜಿಕಿ, ಮಲಗು ಎಂದೆ. ಅವಳ ಕೈಗೊಂದು ದಾರ ಕಟ್ಟಿದೆ. ಮರುದಿನವೂ ಬಾವಿಯಲ್ಲಿ ಎರಡು ತಟ್ಟು. ಅದರ ಮರುದಿನವೂ. ಅವಳು ದಾರಿ ಬದಲಿಸಿ ಟಿನ್ ಫ್ಯಾಕ್ಟರಿಯ ದೀಪದ ರಸ್ತೆಯಲ್ಲಿ ಬಂದಳು. ಅಲ್ಲಿ ಬಸ್ ಸ್ಟಾಪಿನ ಕಂಬದಲ್ಲಿ, ಅಷ್ಟು ಹಾರ್ನಿನ ನಡುವೆ... ಟಿಣ್... ಟಿಣ್... ಮೂರನೆಯದಿಲ್ಲ.

"ಮೂರನೇದಾದ್ರೂ ಬರಬಾರ್ದಾ ಅಕ್ಕಾ! ಬಂದ್ರ ಜೀವ ನಿಲ್ತದ. ಎರಡಕ್ಕ ನಿಂತ್ರ ನಿದ್ದಿ ಹತ್ತಂಗಿಲ್ಲ" ಎಂದು ತಲೆ ಚಚ್ಚಿಕೊಂಡಳು.

ಮುಂದಿನ ಶುಕ್ರವಾರ ಬಂತು. ಯಶೋದಮ್ಮನ ಮಂಚ ಖಾಲಿ. ಗಂಗಾ ವಾಜಿದಾ ಬೀ ಮುಂದೆ ಕೂತು ಹೊಸ ಮೂರು ಮಾತು ಹೇಳಿದಳು. ಛತ್ರಿ, ಬೆಕ್ಕು, ಉಪ್ಪು. ಅವರಿಗೆ ಹೇಗೂ ತಿಳಿಯುವುದಿಲ್ಲ. ಐದು ನಿಮಿಷ ಬಿಟ್ಟು, ಸೊನ್ನೆ ಹಾಕಲು ಪೆನ್ನು ತೆಗೆದುಕೊಂಡೇ ಕೇಳಿದಳು. ವಾಜಿದಾ ಬೀ ಕಣ್ಣು ಮುಚ್ಚಿದರು. ಒಂದು ಬೆರಳು ಎತ್ತಿದರು.

"ಕೊಡ" ಎಂದರು. "ಕನ್ನಡಿ."

ಶುದ್ಧ ಕನ್ನಡ. ಹಲಸೂರಿನ ಧಾಟಿ. ಆಮೇಲೆ ಕಣ್ಣು ಬಿಟ್ಟು, ಏನೂ ಆಗದವರ ಹಾಗೆ ಚಹಾ ಕೇಳಿದರು.

ಗಂಗಾ ಹಾಳೆ ಹಿಡಿದು ಹೋಗಿ ರಾಯರಿಗೆ ಹೇಳಿದಳು. ಅವರು ಕನ್ನಡಕ ಸರಿಮಾಡಿಕೊಂಡು ಹಾಳೆ ನೋಡಿದರು.

"ನೀ ಕೊಟ್ಟ ಮಾತು ಅವೇನು?"

"ಅಲ್ಲ ಸರ್. ನಾ ಕೊಟ್ಟದ್ದು ಛತ್ರಿ, ಬೆಕ್ಕು..."

"ಮತ್ತ? ಸೊನ್ನಿ ಹಾಕು."

ಅವತ್ತು ಮನೆಗೆ ಬಂದವಳು ಹೆದರಿರಲಿಲ್ಲ ನೋಡು, ಉರಿಯುತ್ತಿದ್ದಳು. "ದೆವ್ವದ ಕೂಡ ಆದ್ರ ಮಾತಾಡಬಹುದಕ್ಕಾ. ಈ ಮನುಷ್ಯಾನ ಕೂಡ ಆಗಂಗಿಲ್ಲ" ಎಂದಳು. ಯಶೋದಮ್ಮನ ಹಾಳೆಯ ಸೊನ್ನೆ ಅಳಿಸಿ ಮೂರು ಮಾಡಿಸಿದರೆ ಅವರು ತನ್ನನ್ನು ಬಿಡುತ್ತಾರೆ ಎಂದು ಅವಳ ಲೆಕ್ಕ. ಹಾಳೆಯಲ್ಲಿ ಸೊನ್ನೆ ಇರುವತನಕ ಆ ಮುದುಕಿ ಹಿಂದಿನ ಕೋಣೆಯವಳೇ ಅಲ್ಲವೇ? ಸತ್ತರೂ ಬೀಗದ ಒಳಗೇ.

ಮಂಗಳವಾರ ಡಾಕ್ಟರಮ್ಮ ಬಂದಾಗ ಗಂಗಾ ಅವರ ಕಾರಿನ ಬಾಗಿಲಿಗೆ ಅಡ್ಡ ನಿಂತಳು.

"ಆ ಫಾರಂ ಕಂಪ್ಯೂಟರಿಗೆ ಹೋಯ್ತಲ್ಲ ಗಂಗಾ."

"ತಿದ್ದಿ ಕೊಡ್ರಿ ಮೇಡಂ. ಮೂರು ಅಂತ ಹಾಕ್ರಿ."

"ಅವರು ಮೂರೂ ಹೇಳಿದ್ರಾ?"

"ನಾ ಕೇಳಿಲ್ರಿ."

"ಕೇಳ್ದೇ ಇದ್ರೆ ಮೂರು ಅಂತ ನಾನು ಹೇಗೆ ಹಾಕ್ಲಿ ಹೇಳು? ಸುಳ್ಳಾಗಲ್ವಾ?" ಡಾಕ್ಟರಮ್ಮ ಅವಳ ಭುಜದ ಮೇಲೆ ಕೈಯಿಟ್ಟರಂತೆ. "ನನಗೂ ಬೇಜಾರಾಗಿದೆ. ಆದ್ರೆ ಇನ್ನು ಸೊನ್ನೆ ಆದ್ರೇನು, ಮೂರಾದ್ರೇನು. ಅವರಿಗೆ ಅದರಿಂದ ಆಗಬೇಕಾದ್ದು ಏನೂ ಇಲ್ವಲ್ಲ."

"ಅದ ರೀ" ಎಂದಳು ಗಂಗಾ. "ಆಗಬೇಕಾಗ್ಯದ."

ಡಾಕ್ಟರಮ್ಮ ಹೇಳಿದ್ದು ತಪ್ಪೂ ಅಲ್ಲ. ಅದೇ ಸಿಟ್ಟು ಬರುವಂಥದ್ದು. ಒಬ್ಬೊಬ್ಬರನ್ನೇ ಕೇಳುತ್ತಾ ಹೋದರೆ ಎಲ್ಲರದೂ ಸರಿ. ಆ ಮುದುಕಿ ಮಾತ್ರ ಐದು ನಿಮಿಷ ಎಂದು ಕೂತವಳು ಇನ್ನೂ ಕೂತಿದ್ದಾಳೆ.

ಆ ರಾತ್ರಿ ಗಂಗಾ ನನಗೆ ಹೇಳಿದಳು. "ಅಕ್ಕಾ, ಬರ್ದದ್ದು ಅಳಸೋದಲ್ಲ. ಕೇಳ್ಬೇಕು. ನಾ ಕೇಳ್ತೀನಿ ಅಂತ ಹೇಳಿ ಬಂದೀನಿ, ಕೇಳಿ ಮುಗಸ್ಬೇಕು. ನೀ ನನ್ನ ಕೂಡ ಬಾ. ಒಬ್ಬಾಕಿಗೇ ಆಗಂಗಿಲ್ಲ."

ಹೋದೆ. ಇಲ್ಲಿಂದ ಮುಂದಿನದು ಕೇಳಿದ್ದಲ್ಲ ಭಾಗ್ಯಾ, ಕಂಡದ್ದು.

ಶುಕ್ರವಾರ ಅವಳು ರಾತ್ರಿ ಪಾಳಿ ಕೇಳಿ ಹಾಕಿಸಿಕೊಂಡಳು. ನಾವು ಮುಟ್ಟಿದಾಗ ಏಳು ಗಂಟೆ. ರಾಯರು ಮನೆಗೆ ಹೋಗಿಯಾಗಿತ್ತು. ಜೋರು ಮಳೆ. ಅಂಗಳದಲ್ಲಿ ಕಾಲಿನ ಹರಡು ಮುಳುಗುವಷ್ಟು ಕೆಸರು. ಕೊಡೆ ಹಿಡಿದು ದಾಟಿದೆವು. ಗಂಗಾ ಬೀಗ ತೆಗೆದಳು. ಬೋಲ್ಟು ಕಿರ್ರ್ ಎಂದಿತು.

ಒಳಗೆ ಒಂದು ಸಣ್ಣ ಬಲ್ಬು. ತಗಡಿನ ಮೇಲೆ ಮಳೆ ಪಟಪಟ ಪಟಪಟ. ವಾಜಿದಾ ಬೀ ನಿದ್ದೆ ಮಾಡುತ್ತಿದ್ದರು. ನಾನು ಬಗ್ಗಿ ನೋಡಿದೆ. ಬಾಯಿ ಮುಚ್ಚಿತ್ತು, ಎರಡೂ ಕೈ ಕಂಬಳಿಯ ಒಳಗಿದ್ದವು. ಇದನ್ನು ಗುರುತಿಟ್ಟುಕೋ.

ಗಂಗಾ ಸ್ಟೂಲು ಎಳೆದು ಖಾಲಿ ಮಂಚದ ಮುಂದೆ ಕೂತಳು. ತೊಡೆಯ ಮೇಲೆ ಒಂದು ಹೊಸ ಹಾಳೆ.

"ಯಶೋದಮ್ಮ, ಆಗ ಮೂರು ಮಾತು ಹೇಳಿದ್ದೆ. ತಡಾ ಆತು, ನಂದೇ ತಪ್ಪು. ಈಗ ಹೇಳ್ರಿ."

ಮಳೆ... ಮಳೆ...

ಟಿಣ್.

ಸರಳು ಅದುರಿದ್ದು ನನ್ನ ಕಣ್ಣಿಗೆ ಕಂಡಿತು. ಅದರ ಮೇಲೆ ಯಾರ ಕೈಯೂ ಇರಲಿಲ್ಲ.

"ಕೊಡ."

ಟಿಣ್.

"ಕನ್ನಡಿ."

ಆಮೇಲೆ ಏನೂ ಇಲ್ಲ. ನಾನು ಗಂಗಾಳ ಸೆರಗು ಹಿಡಿದುಕೊಂಡಿದ್ದೆ. ಗಂಗಾ ಪೆನ್ನು ಹಿಡಿದೇ ಕೂತಿದ್ದಳು, ಸುಳಿವು ಕೊಡಲಿಲ್ಲ. ಎಷ್ಟು ಹೊತ್ತೋ. ಕೊನೆಗೆ ಬಂತು, ಪಕ್ಕದಲ್ಲೇ ಕೂತವರು ಕೇಳಿದ ಹಾಗೆ, ಬೇಸತ್ತ ಧ್ವನಿ.

"ಹಗೇವು ಅಂದ್ರೇನೇ ಗಂಗಾ?"

ಮರೆತಿರಲಿಲ್ಲ! ಆ ಮುದುಕಿ ಮೂರನ್ನೂ ಇಟ್ಟುಕೊಂಡೇ ಕೂತಿದ್ದಳು.

ಗಂಗಾ ಪೆನ್ನು ಕೆಳಗಿಟ್ಟಳು. ಅಳುತ್ತಾ, ಮೂಗು ಒರೆಸಿಕೊಳ್ಳುತ್ತಾ ಹೇಳಿದಳು.

"ನಮ್ಮೂರಾಗ ನೆಲದಾಗ ತೋಡಿದ ಗುಂಡಿ ಯಶೋದಮ್ಮ. ಬಾಯಿ ಸಣ್ಣದು, ಹೊಟ್ಟಿ ದೊಡ್ಡದು. ಅದ್ರಾಗ ಜ್ವಾಳ ತುಂಬಿ, ಮ್ಯಾಲ ಕಲ್ಲು ಮುಚ್ಚಿ ಮಣ್ಣು ಮೆತ್ತತಾರ. ತೆಗೆದ ಕೂಡ್ಲೆ ಇಳಿಬಾರ್ದು, ಒಳಗಿನ ಗಾಳಿ ಕೆಟ್ಟಿರ್ತದ. ಮೊದ್ಲ ದೀಪಾ ಬಿಟ್ಟು ನೋಡ್ತಾರ. ಆಮ್ಯಾಲ ಒಬ್ರು ಸೊಂಟಕ್ಕ ಹಗ್ಗ ಕಟಗೊಂಡು ಇಳೀತಾರ. ಮ್ಯಾಲಿದ್ದೋರು ಹೆಸರು ಹಿಡದು ಕರೀತಾನೇ ಇರ್ಬೇಕು, ಒಳಗಿದ್ದೋರು ಓ ಅಂತಾನೇ ಇರ್ಬೇಕು. ನಮ್ಮಪ್ಪ ಇಳಿದಾಗ ನಾನೇ ಕರೀತಿದ್ದೆ. ಓ ಅನ್ನೋದು ನಿಂತ್ರ ಹಗ್ಗ ಜಗ್ಗಿ ಹೊರಗ ತೆಗೀತಾರ."

ಒಂದು ನಿಟ್ಟುಸಿರು ಕೇಳಿತು. ಉದ್ದದ್ದು.

"ಹಗೇವು" ಎಂದಿತು ಆ ಧ್ವನಿ.

ಟಿಣ್.

ಗಂಗಾ ಹಾಳೆಯಲ್ಲಿ ಮೂರು ಎಂದು ಬರೆದಳು. ಆಮೇಲೆ ಅವಳಿಗೆ ಏನು ಹೊಳೆಯಿತೋ, ಎದ್ದು ನಿಂತು, ಹಗೇವಿನ ಬಾಯಿಯಲ್ಲಿ ನಿಂತವಳ ಹಾಗೆ ಕರೆದಳು.

"ಯಶೋದಮ್ಮಾ..."

"ಓ." ಮಂಚದ ಮೇಲಿನಿಂದ.

"ಯಶೋದಮ್ಮಾ..."

"ಓ." ನಮ್ಮ ಬೆನ್ನ ಹಿಂದೆ, ಬಾಗಿಲ ಹತ್ತಿರ.

"ಯಶೋದಮ್ಮಾ..."

"ಓ." ಹೊರಗಿನಿಂದ. ಅಂಗಳದ ಆಚೆಯಿಂದ, ಮಳೆಯ ಒಳಗಿನಿಂದ, ಮುಂದಿನ ವರಾಂಡಾದ ಕಡೆಯಿಂದ.

ನಾಲ್ಕನೆಯ ಸಲ ಕರೆಯಲು ಬಾಯಿ ತೆರೆದಳು. ನಾನು ಅವಳ ಬಾಯಿ ಮುಚ್ಚಿದೆ. ಸಾಕು ಎಂದೆ.

ಹೊರಗೆ ಬಂದು ಅವಳೇ ಬೋಲ್ಟು ಹಾಕಿದಳು, ಬೀಗ ಹಾಕಿದಳು. ನಾನು ಎರಡು ಸಲ ಜಗ್ಗಿ ನೋಡಿದೆ. ಕೀಲಿ ಅವಳ ಸೊಂಟದ ಸಂಚಿಯಲ್ಲಿ. ಅಡುಗೆಮನೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಅಂಟಿಕೊಂಡು ಬಿದ್ದುಕೊಂಡೆವು. ಮಳೆ ನಡುರಾತ್ರಿಗೆ ನಿಂತಿತು. ಯಾವಾಗ ಕಣ್ಣು ಹತ್ತಿತೋ ಗೊತ್ತಿಲ್ಲ.

ಬೆಳಗಿನ ಜಾವ ನಾಲ್ಕೂವರೆಗೆ ನನಗೆ ಎಚ್ಚರವಾಯಿತು. ಮುಖ ತೊಳೆಯೋಣ ಎಂದು ಮುಂದೆ ಬಂದೆ. ವರಾಂಡಾದ ಕುರ್ಚಿಯಲ್ಲಿ ಯಾರೋ ಕೂತಿದ್ದರು. ಗೇಟಿನ ಕಡೆ ಮುಖ. ಹೋಗಿ ನೋಡಿದೆ.

ವಾಜಿದಾ ಬೀ.

ಕಂಬಳಿ ಹೊದ್ದು, ಕಾಲು ಚಾಚಿ, ಆರಾಮಾಗಿ ಕೂತಿದ್ದರು. ನನ್ನನ್ನು ನೋಡಿ, "ಚಾಯ್ ಕಾಂ ಹೈ?" ಎಂದರು. ಯಾರು ಕರೆದುಕೊಂಡು ಬಂದರು ಎಂದು, ಎದ್ದು ಬಂದ ಗಂಗಾ ಅವರ ಮಾತಿನಲ್ಲೇ ಕೇಳಿದಳು, ಮೂರು ಸಲ ಕೇಳಿದಳು. ಅವರು ಚಹಾದ ಸುದ್ದಿ ಬಿಟ್ಟು ಬೇರೆ ಮಾತಾಡಲಿಲ್ಲ. ಓಡಿ ಹೋಗಿ ಹಿಂದಿನ ಕೋಣೆ ನೋಡಿದೆವು. ಹೊರಗಿನಿಂದ ಬೋಲ್ಟು ಹಾಕಿದ ಹಾಗೇ ಇತ್ತು. ಬೀಗ ಹಾಕಿದ ಹಾಗೇ ಇತ್ತು.

ಭಗವಂತರಾಯರು ಬಂದು ಬೀಗ ನೋಡಿದರು, ಕೀಲಿ ನೋಡಿದರು, ವಾಜಿದಾ ಬೀಯನ್ನು ನೋಡಿದರು. ಆಮೇಲೆ ರಿಜಿಸ್ಟರು ತೆರೆದು 'ಕೋಣೆ ಬದಲಾವಣೆ' ಎಂದು ಬರೆದು ಸಹಿ ಹಾಕಿದರು. ವಾಜಿದಾ ಬೀಯನ್ನು ಮತ್ತೆ ಹಿಂದಕ್ಕೆ ಒಯ್ಯಿರಿ ಎಂದು ಹೇಳಲು ಅವರಿಗೂ ಬಾಯಿ ಬರಲಿಲ್ಲ. ಗಂಗಾಗೆ ಬಾವಿಯ ಹತ್ತಿರ ಮತ್ತೆ ಏನೂ ಕೇಳಲಿಲ್ಲ.

"ಯಾರೋ ಎತ್ಕೊಂಡು ಬಂದಿರ್ತಾರೆ ಬಿಡಜ್ಜಿ" ಎನ್ನುತ್ತಿದ್ದಾಳೆ ಭಾಗ್ಯ. "ಇನ್ನೊಂದು ಕೀಲಿ ಇರುತ್ತೆ."

ಇರಲಿ. ಇನ್ನೊಂದು ಕೀಲಿ ಇತ್ತು ಅನ್ನು. ಎತ್ತಿಕೊಂಡು ಬಂದವರ ಕಾಲು ಕೆಸರಿನಲ್ಲಿ ಹೂಳಬೇಕಲ್ಲ? ಮಳೆ ನಿಂತ ಮೇಲೆ ಅಂಗಳದ ಕೆಸರು ಸಾರಿಸಿದ ಹಾಗೆ ನುಣ್ಣಗಿತ್ತು. ನಾವು ದಾಟುವ ಮೊದಲು ಅಲ್ಲಿ ಒಂದು ಹೆಜ್ಜೆ ಇರಲಿಲ್ಲ. ನಾನೇ ಕೆಳಗೆ ಕೂತು ವಾಜಿದಾ ಬೀಯ ಎರಡೂ ಕಾಲು ಕೈಯಲ್ಲಿ ಹಿಡಿದು ನೋಡಿದ್ದೇನೆ.

ನಗಬ್ಯಾಡ. ಗಂಗಾ ಹೋಗಿ ಎರಡು ವರ್ಷ ಆತು. ಇನ್ನ ಕಂಡಾಕಿ ನಾ ಒಬ್ಬಾಕೀನೇ. ಇವತ್ತು ಒಂದು ಹೆಸರು ಹುಡುಕಲಿಕ್ಕೇ ಇಷ್ಟು ಹೊತ್ತು ಹಿಡೀತು, ನಾಳಿ ಏನಿರ್ತದೋ ಏನೋ. ಪೆನ್ನು ತಗೋ ಭಾಗ್ಯಾ. ಬ್ಯಾರೆ ಏನೂ ಬ್ಯಾಡ, ಇಷ್ಟು ಬರಿ. ವಾಜಿದಾ ಬೀ ಅವರ ಅಂಗಾಲು ಒಣಗಿತ್ತು, ಒಂದು ಚೂರೂ ಮಣ್ಣಿರಲಿಲ್ಲ, ನಮ್ಮಜ್ಜಿ ಅಮೃತಮ್ಮ ಕಂಡಾಳ. ಬರಿ.